ಹೊರಗಿನಿಂದ ಏನೂ ಬಂದಿಲ್ಲ

ನನ್ನ ಮೊದಲ ಕೆಲಸ ಹೋದದ್ದು ಕುರಿಗಳಿಂದ. ಯಾರಾದರೂ ಕೇಳಿದರೆ ಹಾಗೇ ಹೇಳುತ್ತೇನೆ. ಅವರು ನಗುತ್ತಾರೆ, ಅವರ ಜೊತೆ ನಾನೂ ನಗುತ್ತೇನೆ. ಆದರೆ ಆ ಸಿಟ್ಟು ಇನ್ನೂ ಆರಿಲ್ಲ. ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಕೆಲವು ಸಿಟ್ಟುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು ಎಂದು ನಂಬಿದವಳು ನಾನು.

ನಮ್ಮದು ಪರಶುರಾಂಪುರದ ಕಡೆಯ ಒಂದು ಹಳ್ಳಿ. ಕೆಂಪು ನೆಲ, ಮಳೆ ಬಂದರೆ ಶೇಂಗಾ, ಬಾರದಿದ್ದರೆ ಆಕಾಶ ನೋಡುವ ಕೆಲಸ. ಅವ್ವ ಹೊಲ ನೋಡಿಕೊಂಡರೆ ಅಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ದುಡಿಯುತ್ತಿದ್ದ. ನಾನು ಕಾಲೇಜಿಗೆ ಅಂತ ಚಳ್ಳಕೆರೆ ಬಸ್ಸು ಹತ್ತುತ್ತಿದ್ದ ಕಾಲಕ್ಕೆ, ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತಿತ್ತು. ಶೇಂಗಾ ಹಿಂಡಿ ಬಿಸಿಯಾದ ವಾಸನೆ ಕಿಟಕಿಯಿಂದ ಬಂತು ಅಂದರೆ ಚಳ್ಳಕೆರೆ ಬಂತು ಅಂತ ಲೆಕ್ಕ. ಸೀಟಿನಲ್ಲಿ ನಿದ್ದೆ ಹೋದವರೂ ಎದ್ದು ಚೀಲ ಹುಡುಕಿಕೊಳ್ಳುತ್ತಿದ್ದರು.

ಆಮೇಲೆ ತಾಳೆ ಎಣ್ಣೆ ಬಂತು. ಯಾವುದೋ ಸಮುದ್ರದಾಚೆಯ ದೇಶದಲ್ಲಿ ಕಾಡು ಕಡಿದು ನೆಟ್ಟ ಮರಗಳ ಎಣ್ಣೆ, ಹಡಗು ಹತ್ತಿ ಬಂದು, ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಪಾಕೀಟಾಗಿ ನೇತಾಡತೊಡಗಿತು. ನಮ್ಮ ಹೊಲದ ಶೇಂಗಾ ಎಣ್ಣೆಗಿಂತ ಅದು ಅಗ್ಗ! ಇದನ್ನು ನನಗೆ ಯಾರಾದರೂ ಇವತ್ತಿಗೂ ಬಿಡಿಸಿ ಹೇಳಲಿ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಪ್ಪ ಒಂದು ಮಧ್ಯಾಹ್ನ ತನ್ನ ಊಟದ ಡಬ್ಬಿ ಹಿಡಿದು ಮನೆಗೆ ಬಂದ, ಮರುದಿನ ಹೋಗಲಿಲ್ಲ. ಆ ವಾರ ನಾನು ಗೊತ್ತಿಲ್ಲದೆ ಅಂಗಡಿಯಿಂದ ಆ ಪಾಕೀಟನ್ನೇ ತಂದಿದ್ದೆ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಶೇಂಗಾ ಬೆಳೆಯೋ ಊರಾಗೆ ಕುಂತು ಕಂಡೋರ ಮರದ ಎಣ್ಣೆ ತಿನ್ನಾದಾ? ವಾಪಸ್ ಕೊಟ್ಟು ಬಾ, ಹೋಗು" ಅಂದಳು.

ವಾಪಸ್ ಕೊಟ್ಟು ಬಂದೆ. ನಮ್ಮ ಮನೆಯಲ್ಲಿ ಜಾಗತೀಕರಣದ ಮೇಲೆ ನಡೆದ ಮೊದಲ ಚರ್ಚೆ ಇಷ್ಟೇ.

ಎರಡನೇ ಸಲ ಲೋಕ ನಮ್ಮೂರಿಗೆ ಬಂದದ್ದು ಜೀಪಿನಲ್ಲಿ, ಒಳ್ಳೊಳ್ಳೆಯ ಮಾತಾಡುತ್ತಾ. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ದೂರದ ಚಳಿ ದೇಶಗಳಲ್ಲಿ ವಿಷ ಹಾಕದೆ ಬೆಳೆದ ಶೇಂಗಾ ಬೇಕಂತೆ, ಅದಕ್ಕೆ ಒಳ್ಳೆಯ ರೇಟು ಕೊಡುತ್ತಾರಂತೆ, ಇಲ್ಲಿಂದ ಹಡಗಿನಲ್ಲಿ ಹೋಗುತ್ತದಂತೆ. ಇಪ್ಪತ್ತು ವರ್ಷದಿಂದ ಯೂರಿಯಾ ಹಾಕಿ, ಔಷಧಿ ಹೊಡೀರಿ ಅಂತ ಬುದ್ಧಿ ಹೇಳಿಸಿಕೊಂಡವರು ನಾವು. ಈಗ ಅದೇ ಥರದ ಜೀಪಿನಲ್ಲಿ ಬಂದವರು ಅದೆಲ್ಲ ಪಾಪ ಎನ್ನುತ್ತಿದ್ದರು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಯೂರಿಯಾ ಕೊಳ್ಳುವ ತಾಕತ್ತಿಲ್ಲದೆ ಸುಮ್ಮನಿದ್ದ ನಮ್ಮ ಹೊಲ ರಾತ್ರೋರಾತ್ರಿ ಪವಿತ್ರವಾಗಿ ಹೋಗಿತ್ತು.

ಇಪ್ಪತ್ತು ಮನೆಯವರು ಸೇರಿ ಒಂದು ಗುಂಪು ಮಾಡಿಕೊಂಡೆವು. ನಮ್ಮ ಪಕ್ಕದ ಹೊಲದ ಯಜಮಾನರು ಅದಕ್ಕೆ ಅಧ್ಯಕ್ಷರಾದರು. ಅವರನ್ನು ನಾನು ಚಿಕ್ಕಂದಿನಿಂದ ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಗುಂಪಿನ ಒಬ್ಬೊಬ್ಬರ ಹೊಲಕ್ಕೂ ಒಂದೊಂದು ಪುಸ್ತಕ. ಬಿತ್ತಿದ್ದು, ಕಳೆ ತೆಗೆದದ್ದು, ಗೊಬ್ಬರ ಹಾಕಿದ್ದು ಎಲ್ಲ ಅದರಲ್ಲಿ ಬರೆಯಬೇಕು. ಬಿ.ಎ. ಮುಗಿಸಿ ಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ನನ್ನನ್ನು ದೊಡ್ಡಪ್ಪನೇ ಕರೆದು ಆ ಕೆಲಸಕ್ಕೆ ಹಾಕಿದರು. ಶೇಂಗಾ ಕೊಳ್ಳುವ ಕಂಪನಿಯಿಂದ ತಿಂಗಳಿಗೆ ಸಂಬಳ, ತಿರುಗಾಡಲು ಸೈಕಲ್ಲು. ನಮ್ಮೂರಿನ ಹೆಣ್ಣುಮಗಳೊಬ್ಬಳು ಸೈಕಲ್ ತುಳಿದುಕೊಂಡು ಹೊಲ ಹೊಲ ತಿರುಗಿ ಗಂಡಸರನ್ನು ಪ್ರಶ್ನೆ ಕೇಳುವುದು ಅದೇ ಮೊದಲು. ನನಗೆ ಎಷ್ಟು ಜಂಬ ಬಂದಿತ್ತು ಅಂದರೆ, ಬೇಕಿಲ್ಲದ ಕಡೆಯೂ ಬೆಲ್ ಬಾರಿಸುತ್ತಿದ್ದೆ.

ಆ ಪುಸ್ತಕದಲ್ಲಿ ಒಂದು ಪುಟವಿತ್ತು. ಹೊಲಕ್ಕೆ ಹೊರಗಿನಿಂದ ಏನೇನು ತಂದಿರಿ ಎಂದು ಕೇಳುವ ಪುಟ. ನಮ್ಮ ಪುಸ್ತಕ ತುಂಬುವಾಗ ಅವ್ವ ಮೊರದಲ್ಲಿ ಸಜ್ಜೆ ಕೇರುತ್ತಿದ್ದಳು.

"ಅವ್ವ, ಹೊಲಕ್ಕೆ ಹೊರಗಿಂದ ಏನಾದ್ರೂ ತಂದೀವಾ?"

"ಏನ್ ತಂದೀವಿ? ಬೀಜ ಮನೇದು, ಆಳು ಮನೇರು. ಏನೂ ಇಲ್ಲ ಅಂತ ಬರಿ."

ಏನೂ ಇಲ್ಲ ಎಂದು ಬರೆದೆ. ಉಳಿದ ಹತ್ತೊಂಬತ್ತು ಮನೆಯವರೂ ಅದನ್ನೇ ಹೇಳಿದರು, ಅವರ ಪುಸ್ತಕಗಳಲ್ಲೂ ಅದನ್ನೇ ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ನನಗಾಗಲಿ ಅವರಿಗಾಗಲಿ ಒಂದು ಗಳಿಗೆಯೂ ಅನ್ನಿಸಲಿಲ್ಲ. ಯಾವ ದೇವರ ಮುಂದೆ ನಿಲ್ಲಿಸಿ ಕೇಳಿದ್ದರೂ ದೀಪ ಮುಟ್ಟಿ ಹೇಳುತ್ತಿದ್ದೆ.

ಕುರಿಗಳ ವಿಷಯ ಈಗ ಹೇಳಬೇಕು. ಶೇಂಗಾ ಕಿತ್ತು ಮುಗಿದು, ಮಾಗಿ ಚಳಿ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ನಮ್ಮ ಹೊಲಗಳಿಗೆ ಒಂದು ಕುರಿ ಮಂದೆ ಬರುತ್ತಿತ್ತು. ಮೊಳಕಾಲ್ಮೂರು ಸೀಮೆಯಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದ ಕೆಳಗಿನ ಒಂದು ಹಟ್ಟಿಯ ಕುರಿಗಾರನ ಮಂದೆ. ಹಗಲು ಅವು ಹೊಲದಲ್ಲಿ ಉದುರಿದ ಸೊಪ್ಪು ಸದೆ ಮೇಯ್ದು, ಸಂಜೆ ಹೊಲದ ಮಧ್ಯೆ ಬಲೆ ಕಟ್ಟಿದ ಆವರಣದೊಳಗೆ ಮಲಗುತ್ತಿದ್ದವು. ಮಲಗಿದ ಕಡೆ ಹಿಕ್ಕೆ, ಗಂಜಲ ಬೀಳುತ್ತದೆ. ನಾಳೆ ಬಲೆ ಹತ್ತು ಮಾರು ಆಚೆ. ಹೀಗೆ ಸರಿಯುತ್ತಾ ಸರಿಯುತ್ತಾ ಇಡೀ ಹೊಲಕ್ಕೆ ಗೊಬ್ಬರ. ಒಂದು ಹೊಲ ಮುಗಿದರೆ ಪಕ್ಕದ ಹೊಲ. ಕುರಿಗಾರನಿಗೆ ನಾವು ಕಾಳು ಕೊಡುತ್ತಿದ್ದೆವು, ಇದ್ದಷ್ಟು ದಿನ ಊಟ ಕೊಡುತ್ತಿದ್ದೆವು. ಮಂದೆ ಹೊಲಕ್ಕೆ ಕಾಲಿಡುವ ಮೊದಲು ಅವ್ವ ಮುಂದಿನ ಕುರಿಯ ಕಾಲಿಗೆ ಒಂದು ಚೆಂಬು ನೀರು ಹಾಕಿ, ಹಣೆಗೆ ಅರಿಶಿನ ಕುಂಕುಮ ಇಡುತ್ತಿದ್ದಳು. ತವರಿಂದ ಬಂದವರಿಗೆ ಕಾಲಿಗೆ ನೀರು ಕೊಡುವುದಿಲ್ಲವೇ, ಹಾಗೆ.

ತವರು ಎಂದದ್ದು ಸುಮ್ಮನೆ ಅಲ್ಲ. ಅವ್ವನಿಗೆ ಒಡಹುಟ್ಟಿದ ಅಣ್ಣ ತಮ್ಮಂದಿರಿಲ್ಲ. ನಾನು ಮೈನೆರೆದಾಗ ಹಸಿರು ಗುಡ್ಲು ಹಾಕಲು ಸೋದರಮಾವ ಬೇಕಲ್ಲ, ಯಾರೂ ಇಲ್ಲವಲ್ಲ ಎಂದು ಅವ್ವ ಅಳುತ್ತಾ ಕೂತಿದ್ದಳಂತೆ. ಹೊಲದಲ್ಲಿ ಮಂದೆ ಹಾಕಿಕೊಂಡಿದ್ದ ಈ ಕುರಿಗಾರ ಸುದ್ದಿ ಕೇಳಿ, ಹೆಗಲ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು ನಮ್ಮ ಮನೆ ಬಾಗಿಲಿಗೆ ಬಂದು, "ನಾನಿಲ್ವಾ ಅಕ್ಕ?" ಅಂದ. ಗುಡ್ಲು ಹಾಕಿದ, ಹೊಸ ಕರಿ ಕಂಬಳಿ ಹಾಸಿದ. ಅವತ್ತಿನಿಂದ ಅವನು ನನಗೆ ಮಾವ. ಅವರ ಜಾತಿ ಬೇರೆ, ಮನೆಮಾತು ಅರ್ಧ ತೆಲುಗು, ವರ್ಷಕ್ಕೆ ನಾಲ್ಕು ವಾರ ಕಂಡರೆ ಹೆಚ್ಚು. ಆದರೂ ಮಾವ. ಇಂಥವನ ಕುರಿಯನ್ನು ಹೊರಗಿನಿಂದ ತಂದ ಸಾಮಾನು ಎಂದು ಬರೆಯಬೇಕು ಅಂತ ನನಗೆ ಹೇಗೆ ಹೊಳೆಯಬೇಕಿತ್ತು?

ತಪಾಸಣೆಯ ಆಫೀಸರು ಬಂದದ್ದು ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ. ಅವರು ಬರುವ ಸುದ್ದಿ ಮೊದಲೇ ತಿಳಿಸುವಂತಿಲ್ಲವಂತೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ತಲೆಗೆ ಟೋಪಿ, ಹೆಗಲಿಗೆ ನೀರಿನ ಬಾಟಲಿ. ಕೆಟ್ಟ ಮನುಷ್ಯ ಎಂದು ಹೇಳಿಬಿಟ್ಟರೆ ಈ ಕಥೆ ಹೇಳುವ ನನ್ನ ಕೆಲಸ ಸುಲಭವಾಗುತ್ತಿತ್ತು, ಆದರೆ ಅವರು ಕೆಟ್ಟವರಾಗಿರಲಿಲ್ಲ. ಹೊಲಕ್ಕಿಳಿದವರೇ ಮಂಡಿಯೂರಿ ಕೂತು, ಒಂದು ಹಿಡಿ ಮಣ್ಣು ತೆಗೆದು ಮೂಸಿದರು. "ಎಷ್ಟು ಜೀವ ಇದೆ ನೋಡಿ ಈ ಮಣ್ಣಲ್ಲಿ" ಅಂದರು. ಅವರ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. ಆಮೇಲೆ ತಲೆ ಎತ್ತಿದರು. ಮಣ್ಣಿಗೆ ಜೀವ ಕೊಟ್ಟವು ಎದುರಿಗೇ ಬಲೆಯೊಳಗೆ ಮಲಗಿ ಮೆಲುಕು ಹಾಕುತ್ತಿದ್ದವು.

"ಇವು ಯಾರ ಕುರಿ?"

"ನಮ್ಮ ಮಾವನವು ಸಾರ್."

"ಈ ಊರವರಾ?"

"ಅಲ್ಲ ಸಾರ್, ಮೊಳಕಾಲ್ಮೂರು ಕಡೆಯೋರು. ವರ್ಷಾ ಬರ್ತಾರೆ."

ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಪುಟ ತೆರೆದರು. ನನ್ನ ಅಕ್ಷರವನ್ನು ಒಮ್ಮೆ, ಕುರಿಗಳನ್ನು ಒಮ್ಮೆ ನೋಡಿದರು. "ಮೇಡಂ, ಹೊರಗಿನಿಂದ ಏನೂ ಬಂದಿಲ್ಲ ಅಂತ ಬರೆದಿದ್ದೀರಿ. ಇಲ್ಲಿ ಐನೂರು ಕುರಿ ಮಲಗಿವೆ!"

ಆಫೀಸರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಈ ಕುರಿಗಳು ನೂರಾರು ಕಡೆ ಮೇಯುತ್ತವೆ. ಎಲ್ಲಿ ಏನು ತಿಂದಿವೆ, ಯಾವ ಔಷಧಿ ಹೊಡೆದ ಹೊಲದಲ್ಲಿ ಮೇಯ್ದಿವೆ, ಯಾರಿಗೆ ಗೊತ್ತು? ತಿಂದದ್ದು ಹಿಕ್ಕೆಯಲ್ಲಿ ಬರುತ್ತದೆ, ಹಿಕ್ಕೆ ಮಣ್ಣಿಗೆ ಬೀಳುತ್ತದೆ, ಮಣ್ಣಿನಿಂದ ಶೇಂಗಾಕ್ಕೆ. ಹೊಲಕ್ಕೊಂದು ಗೆರೆ ಇರಬೇಕು, ಗೆರೆಯೊಳಗೆ ಬರುವುದೆಲ್ಲ ಗೊತ್ತಿರಬೇಕು. ತಿನ್ನುವವರಿಗೆ ನಾವು ಮಾತು ಕೊಟ್ಟಿದ್ದೇವೆ. ಮಾತು ತಪ್ಪಬಾರದು ಎನ್ನುವುದು ನಮಗೂ ಗೊತ್ತಿದ್ದದ್ದೇ. ಅದಕ್ಕೇ ನಾನು ಸುಮ್ಮನಾದೆ.

ಅವ್ವ ಸುಮ್ಮನಾಗಲಿಲ್ಲ. ಮಾವನಿಗೆ ಬುತ್ತಿ ತಂದವಳು ಬುಟ್ಟಿ ಕೆಳಗಿಟ್ಟು ಕೇಳಿದಳು: "ಹಂಗಾರೆ ಗೊಬ್ಬರಕ್ಕೆ ಏನ್ ಮಾಡಾನ ಸಾಮಿ?"

ಒಪ್ಪಿಗೆಯಾದ ಗೊಬ್ಬರ ಮೂಟೆಯಲ್ಲಿ ಸಿಗುತ್ತದೆ ಎಂದರು ಆಫೀಸರು. ಬೇರೆ ರಾಜ್ಯದ ಫ್ಯಾಕ್ಟರಿಯಲ್ಲಿ ಮಾಡುತ್ತಾರೆ, ಲಾರಿಯಲ್ಲಿ ಬರುತ್ತದೆ.

"ಅದು ಹೊರಗಿಂದಲ್ವಾ?"

"ಹೊರಗಿಂದಾನೇ ಅಮ್ಮ. ಆದ್ರೆ ಅದಕ್ಕೆ ಸರ್ಟಿಫಿಕೇಟ್ ಇದೆ."

"ಓಹೋ. ಕಾಣದ ಊರಿಂದ ಹೊಗೆ ಬಿಡ್ಕಂಡು ಬರೋ ಲಾರಿ ಒಳಗಿಂದು. ನಮ್ಮಜ್ಜಿ ಕಾಲದಿಂದ ನಡ್ಕಂಡು ಬರೋ ಕುರಿ ಹೊರಗಿಂದು. ಚೆನ್ನಾಗೈತೆ ಸಾಮಿ ನಿಮ್ಮ ಗೆರೆ!"

ಆಫೀಸರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಎರಡು ದಾರಿ ಇವೆ ಎಂದರು. ಇಪ್ಪತ್ತು ಮನೆಯವರೂ ಇನ್ನು ಮೇಲೆ ಹೊರಗಿನ ಮಂದೆ ಬಿಟ್ಟುಕೊಳ್ಳುವುದಿಲ್ಲ ಎಂದು ಸಹಿ ಹಾಕಿಕೊಟ್ಟರೆ, ಆದದ್ದು ಆಗಿಹೋಯಿತು ಎಂದು ಮೇಲಿನವರನ್ನು ಒಪ್ಪಿಸುತ್ತಾರೆ. ಸಹಿ ಹಾಕದವರು, ಮಂದೆ ಈ ವರ್ಷ ಎಲ್ಲೆಲ್ಲಿ ತಂಗಿತ್ತು, ಏನೇನು ಮೇಯ್ದಿತ್ತು ಎಂದು ಪೂರ್ತಿ ಬರೆದು ಕೊಡಬೇಕು. ಅದು ಆಗದಿದ್ದರೆ ಹೊಲ ಗುಂಪಿನಿಂದ ಹೊರಗೆ. ತಪ್ಪು ಬರೆದ ನನ್ನ ವಿಷಯವನ್ನೂ ಮೇಲಿನವರು ತೀರ್ಮಾನ ಮಾಡುತ್ತಾರೆ. ಒಂದು ವಾರ ಟೈಮು ಕೊಟ್ಟು ಜೀಪು ಹತ್ತಿದರು.

ಆ ಸಂಜೆಯೇ ದೊಡ್ಡಪ್ಪನ ಮನೆ ಜಗಲಿಯಲ್ಲಿ ಸಭೆ ಸೇರಿತು. ಹತ್ತೊಂಬತ್ತು ಜನ ಸಹಿ ಹಾಕಿದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಒಳ್ಳೆಯ ರೇಟು ಸಿಗುವ ಆಸೆ ಯಾರಿಗಿಲ್ಲ? ಎಣ್ಣೆ ಮಿಲ್ಲುಗಳು ಕೈಬಿಟ್ಟ ಮೇಲೆ ಶೇಂಗಾವನ್ನು ಮರ್ಯಾದೆಯಿಂದ ಕೇಳಿದವರೇ ಇರಲಿಲ್ಲ. ದೊಡ್ಡಪ್ಪ ಅವ್ವನ ಕಡೆ ಕಾಗದ ಸರಿಸಿ, "ಹಾಕವ್ವ, ಮಗಳ ಕೆಲಸ ಉಳೀತೈತೆ" ಅಂದರು.

ಅವ್ವ ನನ್ನ ಮುಖ ನೋಡಿದಳು. ಈಗ ಇಲ್ಲಿ ಸುಳ್ಳು ಹೇಳಿ ದೊಡ್ಡವಳಾಗಲಾರೆ: ಹಾಕಲಿ ಎಂದೇ ನಾನು ಬಯಸಿದೆ. ಸೈಕಲ್ಲು, ಸಂಬಳ, ಗಂಡಸರು ನನ್ನ ಪ್ರಶ್ನೆಗೆ ಎದ್ದು ನಿಂತು ಉತ್ತರ ಕೊಡುವುದು, ಎಲ್ಲ ನನಗೆ ಬೇಕಿತ್ತು. ಅಪ್ಪ ಮೂಲೆಯಲ್ಲಿ ಬೀಡಿ ಹಚ್ಚಿ ಕೂತಿದ್ದ. ಮಿಲ್ಲು ಮುಚ್ಚಿದ ಮೇಲೆ ಅವನು ಸಭೆಗಳಲ್ಲಿ ಬಾಯಿ ತೆರೆದದ್ದೇ ಕಡಿಮೆ. ಅವತ್ತು ತೆರೆದ.

"ಇಪ್ಪತ್ತೂ ಹೊಲ ಬೇಡ ಅಂದ್ರೆ ಆ ಮಂದೆ ಎಲ್ಲಿ ನಿಲ್ಬೇಕು? ನನ್ನ ಮಿಲ್ಲಿನ ಬಾಗಿಲು ಹಾಕೋವಾಗ ನನ್ನ ಯಾರೂ ಕೇಳ್ಲಿಲ್ಲ. ನಾವೂ ಕೇಳ್ದೇನೇ ಹಾಕ್ಬೇಕಾ ಅವನ ಬಾಗಿಲು?"

ಅವ್ವ ಕಾಗದವನ್ನು ಮಡಿಸದೆ, ಹರಿಯದೆ, ಇದ್ದ ಹಾಗೆಯೇ ದೊಡ್ಡಪ್ಪನ ಕಡೆ ವಾಪಸ್ ಸರಿಸಿದಳು. "ನಾವು ಬರೆದು ಕೊಡ್ತೀವಿ" ಅಂದಳು.

ಮರುದಿನ ಬೆಳಿಗ್ಗೆ ನಾನು ದಪ್ಪ ನೋಟ್‌ಬುಕ್ಕು ಹಿಡಿದು ಹೊಲದ ಬದುವಿನ ಮೇಲೆ ಕೂತೆ. ಮಾವ ತಕಲಿಯಲ್ಲಿ ಉಣ್ಣೆ ನೂಲುತ್ತಾ ಎದುರು ಕೂತ. ಅಕ್ಷರ ಬಾರದ ಮನುಷ್ಯ ವರ್ಷವೊಂದನ್ನು ನೆನಪಿನಿಂದ ಹೇಳಿಯಾನೇ ಎಂದು ನನಗೆ ಅನುಮಾನವಿತ್ತು. ಬಿ.ಎ. ಓದಿದ ಅನುಮಾನ! ಅವನು ಹೋದ ವರ್ಷದ ಮಳೆಗಾಲದಿಂದ ಶುರು ಮಾಡಿ, ದಾರಿಯ ಮೇಲೆ ಮತ್ತೆ ನಡೆಯುತ್ತಿರುವವನ ಹಾಗೆ ಹೇಳುತ್ತಾ ಹೋದ. ಬೆಟ್ಟದ ತಪ್ಪಲಲ್ಲಿ ಗರಿಕೆ ಎಳೆಯದಾಗಿದ್ದಾಗ ಎಷ್ಟು ದಿನ. ಕಾವಲಿನಲ್ಲಿ ಹುಲ್ಲು ಹೂ ಬಿಟ್ಟ ಮೇಲೆ ಎಷ್ಟು ದಿನ. ರಾಯದುರ್ಗದ ಆಚೆ ಯಾವ ಹಳ್ಳದಲ್ಲಿ ನೀರು ಕುಡಿಸಿದ್ದು, ಯಾವ ರೆಡ್ಡಿಯ ಹೊಲದಲ್ಲಿ ಜೋಳದ ಕೂಳೆ ಮೇಯಿಸಿದ್ದು, ಯಾವ ಗುಡ್ಡದ ಬುಡದಲ್ಲಿ ಜಾಲಿಕಾಯಿ ಉದುರುತ್ತಿದ್ದದ್ದು. ಯಾವ ಕುರಿ ಎಲ್ಲಿ ಮರಿ ಹಾಕಿತು ಎನ್ನುವುದು ಅವನ ಕ್ಯಾಲೆಂಡರು. "ಬೋಳಿ ಈದ ದಿನ ಬಾವಿ ಪಕ್ಕ ಇದ್ವಿ, ಬರ್ಕಾ" ಅನ್ನುವನು. ಪುಟದ ಮೇಲೆ ಪುಟ ತುಂಬಿತು. ತಿನ್ನುವವರಿಗೆ ತಮ್ಮ ಅನ್ನ ಎಲ್ಲಿಂದ ಬಂತೆಂದು ಗೊತ್ತಾಗಬೇಕು ಎಂದಿದ್ದರಲ್ಲ, ತಗೊಳ್ಳಲಿ. ಬರೆಯುತ್ತಾ ಬರೆಯುತ್ತಾ ನನಗೆ ಹುರುಪು ಬಂತು, ಗೆದ್ದೇಬಿಟ್ಟೆವು ಅನ್ನಿಸಿತು.

ಆಗ ಮಾವ ಹೇಳಿದ: "ಬೇಸಿಗ್ಯಾಗೆ ಬಳ್ಳಾರಿ ಕಡೆ ಕಾಲುವೆ ಬಯಲಿಗೆ ಹೋಗಿದ್ವಿ. ಹತ್ತಿ ಹೊಲ. ಮೂರು ದಿನ ಇದ್ವಿ."

ನಾನು ಪೆನ್ನು ನಿಲ್ಲಿಸಿದೆ. ಹತ್ತಿ ಹೊಲವೆಂದರೆ ಔಷಧಿ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಅಷ್ಟೊತ್ತಿಗೆ ಬಂದು ನಿಂತು ಕೇಳುತ್ತಿದ್ದ ದೊಡ್ಡಪ್ಪ ಮೆಲ್ಲಗೆ, "ಅದೊಂದು ಬಿಟ್ಬಿಡವ್ವ. ಯಾರು ಹೋಗಿ ನೋಡ್ತಾರೆ?" ಅಂದರು. ಬಿಡಬೇಕು ಎಂದು ನನಗೂ ಅನ್ನಿಸಿತು. ಒಂದೇ ಒಂದು ಸಾಲು.

ಮಾವ ತಕಲಿ ತಿರುಗಿಸುವುದನ್ನು ನಿಲ್ಲಿಸಿದ. "ಅದೂ ಬರಿ ತಾಯಿ. ಅಲ್ಲಿ ಔಷಧಿ ಹೊಡೆದಿದ್ರು, ನನಗೆ ಹೇಳಿರಲಿಲ್ಲ. ಎರಡು ಮರಿ ಸತ್ತವು. ನಾಲ್ಕನೇ ದಿನ ಎಬ್ಬಿಸ್ಕಂಡು ಬಂದ್ಬಿಟ್ಟೆ. ಸತ್ತಿದ್ದು ಸುಳ್ಳು ಅಂತ ಬರೀತೀಯಾ?"

ಬರೆದೆ. ಮೂರು ದಿನ, ಹತ್ತಿ ಹೊಲ, ಎರಡು ಮರಿ ಸತ್ತವು. ಹಾಗೇ ಬರೆದೆ. ಅದನ್ನೆಲ್ಲ ಇಂಗ್ಲಿಷಿಗೆ ಇಳಿಸಲು ಎರಡು ದಿನ ಹಿಡಿಯಿತು. ಕುರಿಗಳ ಹೆಸರುಗಳನ್ನೂ ಬಿಡಲಿಲ್ಲ. ಚಳ್ಳಕೆರೆಗೆ ಹೋಗಿ ಝೆರಾಕ್ಸ್ ಮಾಡಿಸಿ, ಒಂದು ಪ್ರತಿ ಇಟ್ಟುಕೊಂಡು, ಒಂದನ್ನು ಕಂಪನಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ.

ಉತ್ತರ ಬಂದಾಗ ಮಾವ ಇನ್ನೂ ನಮ್ಮ ಹೊಲದಲ್ಲೇ ಇದ್ದ. ಕಾಗದ ಚಿಕ್ಕದು. ನಾವು ಕೊಟ್ಟ ವಿವರಕ್ಕೆ ಧನ್ಯವಾದ. ಆ ವಿವರದಲ್ಲೇ ಹತ್ತಿ ಹೊಲದ ಸಂಗತಿ ಇರುವುದರಿಂದ ನಮ್ಮ ಹೊಲವನ್ನು ಗುಂಪಿನಿಂದ ಕೈಬಿಡಲಾಗಿದೆ. ನನ್ನ ಸೇವೆ ಮುಂದಿನ ತಿಂಗಳಿಂದ ಅಗತ್ಯವಿಲ್ಲ. ಸತ್ತ ಎರಡು ಮರಿಗಳ ಬಗ್ಗೆ ಒಂದು ಮಾತೂ ಇರಲಿಲ್ಲ.

ನಾನು ಹೊಲದಲ್ಲೇ ಕೂತು ಅತ್ತೆ. ಅತ್ತದ್ದು ಕೆಲಸಕ್ಕೆ, ಅದರಲ್ಲಿ ಮುಚ್ಚುಮರೆ ಇಲ್ಲ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸತ್ಯ ಹೇಳಿದ ಹೊಲ ಒಂದೇ ಒಂದು, ಹೊರಗೆ ಬಿದ್ದದ್ದೂ ಅದೊಂದೇ. ನಮ್ಮ ಶೇಂಗಾವನ್ನು ಹೊತ್ತುಕೊಂಡು ಹೋಗುವ ಹಡಗು ಕುಡಿಯುವ ಎಣ್ಣೆ ಎಲ್ಲಿಯದು, ಅದು ಬಿಡುವ ಹೊಗೆ ಯಾರ ಗೆರೆಯೊಳಗೆ ಬೀಳುತ್ತದೆ ಎಂದು ಯಾವ ಪುಸ್ತಕವೂ ಕೇಳಿರಲಿಲ್ಲ. ಆ ಚಳಿ ದೇಶದವರು ಭೂಮಿಯ ಮೇಲೆ ಪ್ರೀತಿಯಿಂದಲೇ ಇದನ್ನೆಲ್ಲ ಮಾಡುತ್ತಿದ್ದರು, ನನಗೆ ಅದು ಗೊತ್ತು. ಆದರೆ ಅವರಿಗೆ ಭೂಮಿ ಎಂದರೆ ಬೇಲಿ ಹಾಕಿ ಕಾಯಬೇಕಾದದ್ದು, ನಮಗೋ, ಬಂದು ಹೋಗುವವರಿಂದ ಬದುಕಿಕೊಂಡು ಬಂದದ್ದು. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನ ಮಾಡುವ ಕುರ್ಚಿಯಲ್ಲಿ ಮಾತ್ರ ಯಾವಾಗಲೂ ಅವರೇ ಕೂತಿರುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಮ್ಮ ಮಣ್ಣನ್ನು ಮೂಸಿ ನೋಡಿದ ಆಫೀಸರ ಮೂಗಿಗೆ ಎಲ್ಲ ಗೊತ್ತಾಗಿತ್ತು. ಅವರ ಮೂಗನ್ನು ಅವರ ಫಾರಂ ನಂಬಲಿಲ್ಲ, ಅಷ್ಟೇ.

ಆ ವರ್ಷ ಮಂದೆ ನಮ್ಮ ಹೊಲವೊಂದರಲ್ಲೇ ನಿಂತಿತು. ಉಳಿದ ಹತ್ತೊಂಬತ್ತು ಹೊಲಗಳ ಸರದಿಯೆಲ್ಲ ನಮಗೇ ಬಂತು. ಮೇವು ಸಾಲದೆ ಮಾವ ಹಗಲೆಲ್ಲ ಕುರಿಗಳನ್ನು ಹಳ್ಳದ ಕಡೆ ಹೊಡೆದುಕೊಂಡು ಹೋಗಿ, ಸಂಜೆ ವಾಪಸ್ ತರಬೇಕಾಯಿತು. ಕುರಿಗಳ ಪಕ್ಕೆ ಒಳಗೆ ಹೋದವು. ಹೀಗೇ ಆದರೆ ಬರುವ ವರ್ಷ ಈ ದಿಕ್ಕಿಗೆ ಬರುವುದು ಕಷ್ಟ ಎಂದು ಮಾವ ಅಪ್ಪನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಮಂದೆ ಎಬ್ಬಿಸುವುದಕ್ಕೆ ಎರಡು ದಿನ ಇರುವಾಗ ದೊಡ್ಡಪ್ಪ ಬಂದರು. ಹೊಲದಲ್ಲಿ ಕೈಕಟ್ಟಿ ನಿಂತು, ಅತ್ತ ಇತ್ತ ನೋಡಿ, ಮಾವನ ಹತ್ತಿರ ದನಿ ಇಳಿಸಿದರು. "ತಮ್ಮಾ, ನಮ್ಮ ಹೊಲದಾಗೂ ನಾಲ್ಕು ದಿನ ನಿಲ್ಲಿಸಪ್ಪ. ಕತ್ಲಾದ ಮ್ಯಾಲೆ ಹೊಡ್ಕಂಡು ಬಾ, ಬೆಳಕು ಹರಿಯೋ ಮುಂಚೆ ಎಬ್ಬಿಸ್ಕಂಡು ಹೋಗು. ಕಾಳು ಎರಡರಷ್ಟು ಕೊಡ್ತೀನಿ."

ಮಾವ ಕೋಲಿನ ಮೇಲೆ ಗದ್ದ ಊರಿಕೊಂಡು ಕೇಳಿಸಿಕೊಂಡ. "ನನ್ನ ಕುರಿ ಕದ್ದು ತಂದವಲ್ಲ ಯಜಮಾನ್ರೇ, ಕತ್ಲಾಗೆ ಬಂದು ಕತ್ಲಾಗೆ ಹೋಗಾಕೆ. ಹಗಲು ಕರೀರಿ, ಬರ್ತೀನಿ. ಕಾಳು ಒಂದರಷ್ಟೇ ಸಾಕು."

ದೊಡ್ಡಪ್ಪ ಹಗಲು ಕರೆಯಲಿಲ್ಲ. ತಲೆ ತಗ್ಗಿಸಿ ಹೋದರು. ಅವರು ಹೋಗುವುದನ್ನು ನೋಡಿ ನನಗೆ ಖುಷಿಯಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಮಂದೆ ಹೊರಟ ಬೆಳಿಗ್ಗೆ ನಾನೂ ಅವ್ವನೂ ಕಳಿಸಿಬರಲು ಬಂಡಿದಾರಿಯವರೆಗೆ ಹೋದೆವು. ಎರಡೂ ಕಡೆ ಸಹಿ ಹಾಕಿದವರ ಹೊಲಗಳು. ಒಂದೊಂದು ಹೊಲದ ಮೂಲೆಯಲ್ಲೂ ಕಂಪನಿಯವರು ನೆಟ್ಟ ತಗಡಿನ ಬೋರ್ಡು, ಅಪ್ಪಣೆಯಿಲ್ಲದೆ ಏನೂ ತರಬಾರದು ಎಂದು. ಐನೂರು ಕುರಿಗಳು ದಾರಿ ತುಂಬಾ ಹಿಕ್ಕೆ ಉದುರಿಸುತ್ತಾ ನಡೆದವು. ಹಿಂದೆ ತಿರುಗಿ ನೋಡಿದರೆ, ದೊಡ್ಡಪ್ಪನ ಹೆಂಡತಿ ದೊಡ್ಡಮ್ಮ ಸೊಂಟ ಬಗ್ಗಿಸಿ, ಪೊರಕೆಯಿಂದ ಹಿಕ್ಕೆ ಗುಡಿಸಿ ಪುಟ್ಟಿಗೆ ತುಂಬುತ್ತಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು. ಎಲ್ಲರೂ ಸಹಿ ಹಾಕಿದ ಮನೆಯವರೇ. ಬಂಡಿದಾರಿ ಯಾರ ಪುಸ್ತಕದಲ್ಲೂ ಇರಲಿಲ್ಲವಲ್ಲ!

ನನಗೆ ಮೈಯೆಲ್ಲ ಉರಿಯಿತು. "ಮಾವ, ಬಿರ್‍ರನೆ ಹೊಡಿ, ಒಂದು ಹಿಕ್ಕೇನೂ ಸಿಗಬಾರ್ದು ಇವರಿಗೆ" ಎಂದು ಕೂಗಿದೆ. ದೊಡ್ಡಮ್ಮನಿಗೆ ಕೇಳಿಸಿತು. ಅವಳು ತಲೆ ಎತ್ತಲಿಲ್ಲ.

ಅವ್ವ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಮಾವನ ಕಡೆ ತಿರುಗಿ, "ನಿಧಾನಕ್ಕೆ ಹೊಡಿಯಪ್ಪ. ಸ್ವಲ್ಪ ನಿಲ್ಲಿಸು" ಅಂದಳು. ಆಮೇಲೆ ನನಗೆ ಹೇಳಿದಳು: "ಸೈ ಹಾಕಿದ್ದು ಮನುಷ್ಯರು. ಹೊಲ ಏನ್ ತಪ್ಪು ಮಾಡೈತೆ?"

ಮಾವ ಒಂದು ಸಿಳ್ಳೆ ಹಾಕಿದ. ಮುಂದಿನ ಕುರಿ ನಿಂತಿತು, ಅದರ ಹಿಂದೆ ಎಲ್ಲವೂ ನಿಂತವು. ಬಿಸಿಲು ಆಗಲೇ ಏರಿತ್ತು. ನಾನು ದೊಡ್ಡಮ್ಮನ ಹತ್ತಿರ ಹೋಗಿ ತುಂಬಿದ ಪುಟ್ಟಿಯನ್ನು ಇಸಿದುಕೊಂಡೆ. ಅವಳು ಗಾಬರಿಯಿಂದ ಬೋರ್ಡಿನ ಕಡೆ ನೋಡಿ, "ಯಾರಾದ್ರೂ ನೋಡ್ತಾರೆ ಕಣೇ" ಅಂದಳು. ನೋಡಲಿ ಎಂದೆ. ತಲೆಯ ಮೇಲೆ ಪುಟ್ಟಿ ಹೊತ್ತು, ಬೋರ್ಡಿನ ಪಕ್ಕದಲ್ಲೇ ಬದು ದಾಟಿ, ಹಾಡಹಗಲಲ್ಲಿ ಅವರ ಹೊಲದ ನಟ್ಟನಡುವೆ ಸುರಿದು ಬಂದೆ.